ಹದಿನೇಳು ಗಂಡು, ಹದಿನಾರು ಹೆಣ್ಣು

"ಮೈಕ್ ಹಿಡ್ಕೊಂಡ್ಮೇಲೆ ಹಿಂದೆ ನೋಡ್ಬೇಡ. ಪದ್ಯ ತಪ್ಪಿದ್ರೆ ಸಂಜೆಗೇ ಈ ಶಾಲು ನಿನ್ನ ತಮ್ಮನ ಹೆಗಲಿಗೆ," ಎಂದು ದೊಡ್ಡಪ್ಪ ಪಿಸುಗುಟ್ಟಿದ. ಮೂರು ದಿನದ ಸಾವಿನ ಮನೆಯಲ್ಲಿ ಮಾತಾಡಿ ಮಾತಾಡಿ ಅವನ ಗಂಟಲು ಕೂತೇಹೋಗಿತ್ತು.

ಹಾಗಾಗಿ ಬಾಲಿಗೆ ಊರಿನ ಮದುವೆ ಮಂಟಪದಲ್ಲಿ, ಹುಡುಗಿ ಕಡೆಯಿಂದ ಪದ್ಯ ಹೇಳಿ ಹರಸುವ ಮಾತುಗಾರನಾಗಿ ಇಪ್ಪತ್ತನಾಲ್ಕರ ಸಾಹತ್ ಎಂಟ್ರಿ ಕೊಟ್ಟ. ಹೆಗಲ ಮೇಲೆ ದೊಡ್ಡಪ್ಪನ ಉಲೋಸ್ ಶಾಲು, ಮಾತುಗಾರನ ಗುರುತು. ಈ ವರ್ಷ ದೊಡ್ಡಪ್ಪನ ಪಕ್ಕ ನಿಂತು ಏಳು ಸಾವಿನ ಮನೆಗಳಲ್ಲಿ ಪದ್ಯ ಹೇಳಿದ್ದ. ಮದುವೆ ಮಾತ್ರ ಇದೇ ಮೊದಲು.

ಎದುರಿಗೆ ಗಂಡಿನ ಕಡೆಯ ಮಾತುಗಾರ, ಮುದಿಹುಲಿ ಜಬಿಂತಾಂಗ್.

"ಏನ್ರಪ್ಪಾ, ಮಾತುಗಾರನ್ನ ಕರೀರಿ ಅಂದ್ರೆ ಸೋಡಾ ಹಂಚೋನ್ನ ಕಳ್ಸಿದೀರಾ?"

"ಸೋಡಾನೇ ಅಜ್ಜ. ಮುಚ್ಚಳ ತೆಗೆದ್ರೆ ಮುಖಕ್ಕೇ ಹಾರೋದು!"

ನಾನೂರು ಜನ ಶಿಳ್ಳೆ ಹೊಡೆದರು. ಆ ಶಿಳ್ಳೆಯ ಅಮಲಿನಲ್ಲೇ ಸಾಹತ್ ಹರಸುವ ಪದ್ಯ ಎತ್ತಿಬಿಟ್ಟ:

"ಗುಡ್ಡದ ಹಿಂದೆ ಹೊತ್ತು ಮುಳುಗಿತು,
ದೋಣಿ ಬಂದು ದಡವ ಸೇರಿತು..."

ಮುಂದಿನ ಸಾಲು ಎಲ್ಲರಿಗೂ ಬಾಯಿಪಾಠ: ತುಂಬು ಬಾಳಿನ ಅಜ್ಜನಿಗೆ ಹಿರಿಯರ ಕರೆ ಬಂದಿತು. ಅದು ಹೆಣದ ಮುಂದೆ ಹೇಳುವ ಪದ್ಯ! ಗಂಡಿನ ತಾಯಿ ಎದೆ ಹಿಡಿದುಕೊಂಡಳು. ದೊಡ್ಡಪ್ಪ ಕಣ್ಣು ಮುಚ್ಚಿದ. ಎತ್ತಿದ ಪದ್ಯವನ್ನು ಅರ್ಧಕ್ಕೆ ಬಿಟ್ಟರೆ ಮದುಮಕ್ಕಳಿಗೆ ಕೇಡು. ಮುಗಿಸಿದರೆ ಇನ್ನೂ ದೊಡ್ಡ ಕೇಡು.

ಸಾಹತ್ ಬೆವರು ಒರೆಸಲಿಲ್ಲ. ಮದುಮಕ್ಕಳತ್ತ ತಿರುಗಿದ. ಅವರು ಮಾತ್ರ ಏನೂ ಕೇಳಿಸಿಕೊಳ್ಳದೆ, ಮೇಜಿನ ಕೆಳಗೆ ಕೈ ಕೈ ಹಿಡಿದು ಕೂತಿದ್ದರು. ಅಷ್ಟು ಸಾಕಿತ್ತು.

"ದೀಪ ಆರಿಸ್ರೋ, ಕತ್ತಲಾಯ್ತು, ಇನ್ನೇನು ಕೆಲಸ ಬಾಕಿ ಇತ್ತು?
ಹದಿನೇಳು ಗಂಡು, ಹದಿನಾರು ಹೆಣ್ಣು, ತೊಟ್ಟಿಲೆಲ್ಲಾ ತುಂಬಿತು!"

ಮದುಮಕ್ಕಳನ್ನು ಹರಸುವಾಗ ಹಿರಿಯರು ಹೇಳುವ ಹಳೆಯ ಲೆಕ್ಕವೇ ಅದು. ಹಿಂದಿನ ಸಾಲಿನ ಹಲ್ಲಿಲ್ಲದ ಅಜ್ಜಿಯೊಬ್ಬಳು ಕುರ್ಚಿ ಹತ್ತಿ ಕೂಗಿದಳು: "ಇಮಾ ತುತು! ಹಾಗೇ ಆಗ್ಲಿ!"

"ಇಮಾ ತುತು!" ಎಂದು ನಾನೂರು ಗಂಟಲು ಮಾಡು ಹಾರಿಸಿದವು. ಡೋಲಿನವರು ಅಪ್ಪಣೆಗೂ ಕಾಯದೆ ಬಾರಿಸತೊಡಗಿದರು. ಮದುಮಗಳು ನಾಚಿ ಗಂಡನ ಹೆಗಲಲ್ಲಿ ಮುಖ ಮುಚ್ಚಿಕೊಂಡಳು.

ಜಬಿಂತಾಂಗ್ ಹೊಟ್ಟೆ ಹಿಡಿದು ನಗುತ್ತಾ ಬಂದು ಬೆನ್ನಿಗೆ ಗುದ್ದಿದ. "ಲೇ ಕಳ್ಳ, ನನ್ನ ಸಾವಿಗೂ ನೀನೇ ಬರ್ಬೇಕು. ಅಲ್ಲಿ ಮಾತ್ರ ತೊಟ್ಟಿಲು ತರ್ಬೇಡ!"

"ಅವಸರ ಯಾಕಜ್ಜ? ಮೊದ್ಲು ನಮ್ ಕಡೆಯವ್ರು ಹರಸಿ ಕೊಡೋ ಮೀನು ತಿನ್ನಿ."

ಸಾಹತ್ ಶಾಲು ತೆಗೆದು ದೊಡ್ಡಪ್ಪನಿಗೆ ನೀಡಿದ. ದೊಡ್ಡಪ್ಪ ಅದನ್ನು ಕಿತ್ತುಕೊಂಡು, ಮತ್ತೆ ಅವನ ಹೆಗಲಿಗೇ ಎಸೆದ.

"ಹೋಗ್ ಮುಂಡೇದೆ," ಎಂದ, ಇದ್ದಷ್ಟು ದನಿಯಲ್ಲಿ. "ಮುಂದಿನ ಪದ್ಯಕ್ಕೆ ಕಾಯ್ತಿದಾರೆ."