ಚಿಕ್ಕಮಾದಮ್ಮನ ಮಜ್ಜೆ, ಚಿಕ್ಕಮಾದಮ್ಮನ ಡಬ್ಬಿ

ಎಲ್ಲಿಂದ ಶುರು ಮಾಡಲಿ, ಸೂಜಿಯಿಂದಲೋ, ಡಬ್ಬಿಯಿಂದಲೋ? ಸೂಜಿಯಿಂದಾದರೆ ನಿಮಗೆ ಸಿಟ್ಟು ಬರುತ್ತದೆ. (ಸಿಟ್ಟು ಬರಿಸುವುದರಲ್ಲಿ ನಾನು ಪಳಗಿದವನು.)

೧ (ಹೊಡೆದುಹಾಕಿದ ಕರಡು)

ಅಜ್ಜೀಪುರದ ಚಿಕ್ಕಮಾದಮ್ಮ, ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ತೆಗೆಯುವವಳು, ಮೂಳೆಯ ಮಜ್ಜೆ ತೆಗೆಯಲು ಆಸ್ಪತ್ರೆಯ ಲ್ಯಾಬಿನವರು ಕೊಟ್ಟ ಒಪ್ಪಿಗೆ ಪತ್ರವನ್ನು ಹರಿದು ಬಿಸಾಡಿದಳು. “ಬಡವರ ಮೂಳೆ ನಿಮಗೆ ಪಾಠಪುಸ್ತಕವೇ?” ಎಂದು ಗುಡುಗಿದಳು.

ಯಳಂದೂರಿನ ನಮ್ಮ ಓದುಬಳಗದಲ್ಲಿ ನಾನು ಇದನ್ನು ಓದಿದಾಗ ಚಪ್ಪಾಳೆ ಬಿತ್ತು. ಹಿಂದಿನ ಬೆಂಚಿನಲ್ಲಿದ್ದ ಚಿಕ್ಕಮಾದಮ್ಮ ಕೈ ಎತ್ತಿದಳು.

“ಸಾ, ನಾ ಯಾವಾಗ ಅರ್ದೆ? ಸೈನ್ ಮಾಡ್ದೆ ಕಣ್ರಿ. ಎಲ್ಡ್ ಸಲ.”

“ಇದು ಕತೆಯಮ್ಮ. ಪ್ರತಿಭಟನೆ.”

“ಅಂಗಾರೆ ನಿಮ್ ಕಾಗ್ದ ಅರ್ಕಳಿ. ನಂದ್ಯಾಕ್ ಅರೀತೀರಿ?”

ಹರಿದೆ.

೨

ನಡೆದದ್ದು ಹೀಗೆ. ಹೋದ ವರ್ಷ ಅವಳಿಗೆ ರೇಷ್ಮೆಗೂಡು ಬೇಯಿಸುವ ಒಲೆಯ ಮುಂದೆ ನಿಲ್ಲಲೂ ಆಗುತ್ತಿರಲಿಲ್ಲ. ಮೈಯಲ್ಲಿ ರಕ್ತ ಕಡಿಮೆಯಾಗುತ್ತಲೇ ಇತ್ತು. ಕ್ಯಾನ್ಸರ್ ಇರಬೇಕೆಂದು ಕೇರಿಯೆಲ್ಲ ಪಿಸುಗುಟ್ಟಿತು. ಸೊಂಟದ ಮೂಳೆಯಿಂದ ತೆಗೆದ ಮಜ್ಜೆಯನ್ನು ಲ್ಯಾಬಿನ ಸಂಶೋಧಕಿ ಸೌಮ್ಯ ನೋಡಿದಳು. ಜೀವಕೋಶಗಳು ಊದಿಕೊಂಡಿದ್ದವು, ಬಲಿತಿರಲಿಲ್ಲ. ಕ್ಯಾನ್ಸರ್ ಅಲ್ಲ, ಬಿ-ಹನ್ನೆರಡು ವಿಟಮಿನ್ನಿನ ಕೊರತೆ. ಇಂಜೆಕ್ಷನ್ ಶುರುವಾದ ಮೇಲೆ ಚಿಕ್ಕಮಾದಮ್ಮ ಚೇತರಿಸಿಕೊಂಡಳು.

ನಮ್ಮ ಕೇರಿಗಳಲ್ಲಿ ಕ್ಯಾಂಪ್ ಹಾಕಿ ರಕ್ತ ಒಯ್ದವರು ಎಷ್ಟು ಜನ! ಏನು ಕಂಡಿತೆಂದು ಹೇಳಲು ಒಬ್ಬರೂ ತಿರುಗಿ ಬರಲಿಲ್ಲ. (ಈ ಸಾಲನ್ನು ಯಾರು ಹೇಳಿದರೂ ಹೊಡೆದುಹಾಕುವುದಿಲ್ಲ.) ಸೌಮ್ಯ ಮಾತ್ರ ಹನೂರಿನ ಬಸ್ಸು ಹಿಡಿದು ಬಂದು, ಜಗಲಿಯಲ್ಲಿ ಕೂತು ಎಲ್ಲವನ್ನೂ ಬಿಡಿಸಿ ಹೇಳಿದಳು. ಚಿಕ್ಕಮಾದಮ್ಮ ಸ್ಟೀಲ್ ಡಬ್ಬಿಯ ತುಂಬ ಹುರುಳಿಕಾಳು ಕೊಟ್ಟು ಕಳಿಸಿದಳು.

ಸೌಮ್ಯ ಡಬ್ಬಿಯನ್ನು ಫಳಫಳ ತೊಳೆದು ಬರಿದಾಗಿಯೇ ವಾಪಸು ತಂದಳು.

“ಅಯ್ಯೋ, ಇಷ್ಟೆಲ್ಲ ಓದಿದ್ದೀಯೆ, ಬರೀ ಡಬ್ಬಿ ಕೊಟ್ಟಾರೇನವ್ವ? ಒಂದ್ ಇಡಿ ಸಕ್ರೆನಾರ ಆಕ್ಬಾರ್ದಾ?”

೩

ಈ ವರ್ಷ ಸೌಮ್ಯ ಮತ್ತೆ ಕೇಳಿದಳು. ಗುಣವಾದವರ ಮಜ್ಜೆ ಹೇಗಿರುತ್ತದೆಂದು ಅಧ್ಯಯನ ಮಾಡಬೇಕಿತ್ತು. “ನೋವಾಗುತ್ತದೆ, ನಿಮಗೇನೂ ಲಾಭವಿಲ್ಲ. ಬೇಡ ಅನ್ನಬಹುದು, ಅಮ್ಮ.”

ಚಿಕ್ಕಮಾದಮ್ಮ ಬೇಡ ಎಂದಳು, ಅಂತ ಬರೆದೆ.

“ಎಲ್ಲಂದೆ ಸಾ? ಆ ಎಣ್ಮಗ ನನ್ ಮೂಳೆ ಒಳಿಕ್ ಇಣುಕ್ ನೋಡಿ ನನ್ನ ಉಳಿಸ್ತು. ನಾ ಬರೀ ಡಬ್ಬಿ ಕೊಡಾದಾ?”

ಸೂಜಿ ಇಳಿಯಿತು. ಬಿಸಿನೀರಿನಲ್ಲಿರುವ ರೇಷ್ಮೆಗೂಡಿನಿಂದ ನೂಲೆಳೆದಂತೆ ತನ್ನೊಳಗಿಂದ ಏನೋ ಬಂತು ಅನ್ನಿಸಿತು ಅವಳಿಗೆ. ಗೂಡಿಗೂ ಹೀಗೇ ನೋಯುತ್ತದಾ ಎಂದುಕೊಂಡಳು. ಎದ್ದು, ಅದೇ ಡಬ್ಬಿಯನ್ನು ಸೌಮ್ಯಳ ಕೈಗಿಟ್ಟಳು.

“ಒಳ್ಳೇದೋ ಕೆಟ್ಟದ್ದೋ, ಕಂಡದ್ನ ಕನ್ನಡ್ದಲ್ಲಿ ಬರ್ದು ಇದ್ರೊಳೀಕ್ ಆಕಂಡು ಬಾ. ನೀನೇ ಬಾ.”

೪ (ಅಂತ್ಯಗಳು, ಬೇಕಾದ್ದು ಆರಿಸಿಕೊಳ್ಳಿ)

(ಅ) ಜೀವಕೋಶಗಳು ಚೆನ್ನಾಗಿವೆ.

(ಆ) ಇನ್ನೇನೋ ಕಂಡಿದೆ.

(ಇ) ಸೌಮ್ಯ ಬರುವುದೇ ಇಲ್ಲ.

ಚಿಕ್ಕಮಾದಮ್ಮನ ಜಗಲಿಯಲ್ಲಿ ಕೂತು ಬರೆಯುತ್ತಿದ್ದ ನನ್ನ ಕೈ ತಾನಾಗಿ (ಇ) ಕಡೆಗೆ ಹೋಯಿತು. ಮೂವತ್ತು ವರ್ಷದಿಂದ ಅದನ್ನೇ ಬರೆದಿದ್ದೇನೆ. ಸುಳ್ಳನ್ನೇನೂ ಬರೆದಿಲ್ಲ.

“ಪೆನ್ ಮಡಗಿ ಸಾ. ಬಸ್ ಬತ್ತಾ ಅದೆ.”

ಬಸ್ಸು ನಿಂತಿತು. ಸೌಮ್ಯ ಇಳಿದು ಬಂದು ಡಬ್ಬಿ ಕೊಟ್ಟಳು. ಚಿಕ್ಕಮಾದಮ್ಮ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಸಕ್ಕರೆ ಸರಸರ ಎಂದಿತು. ಜೊತೆಗೆ ಒಂದು ಕಾಗದವೂ.

ನಾನು (ಇ)ಯನ್ನು ಹೊಡೆದುಹಾಕಿದೆ. (ಅ), (ಆ) ಎರಡೂ ಹಾಗೇ ಇವೆ. ಮುಚ್ಚಳ ತೆಗೆಯಲು ನನಗಿರುವ ಅವಸರ ಅವಳಿಗಿಲ್ಲ.

“ಕೂತ್ಕೊ ಮಗ, ಈ ಸಕ್ರೇಲೇ ಕಾಪಿ ಕಾಯ್ಸಿ, ಆಮ್ಯಾಕ್ ನಿನ್ ಕೈಲೇ ಓದ್ಸ್ತೀನಿ. ನೀವೂ ಕುಡ್ಕಂಡ್ ಓಗಿ ಸಾ. ಬರೀಬೇಡಿ.”