ಪ್ರೊಕೋಪಿಸ್ ನಿಲ್ಲುತ್ತಿದ್ದ ಜಾಗ

ಗದ್ದದಿಂದ ಇಳಿದು ಗಂಟಲಿನ ಗಂಟಿನ ಹತ್ತಿರ ಬಂದಾಗ ಮೀನುಗಾರ ಕೊಸ್ಮಾಸನ ಕೈಯಲ್ಲಿದ್ದ ಕ್ಷೌರದ ಕತ್ತಿ ನಿಂತಿತು.

"ಯಾಕ್ ನಿಂತ್ಬಿಟ್ಟೆ ಕೊಸ್ಮಾಸ್ ತಾತಾ?" ನೊರೆಯ ಬಟ್ಟಲು ಹಿಡಿದಿದ್ದ ಮಿರ್ಸಿನಿ ಕೇಳಿದಳು.

"ಐವತ್ತು ವರ್ಷ ಈ ನನ್ಮಗ ನನ್ನ ಗಂಟಲ ಮೇಲೆ ಕತ್ತಿ ಇಟ್ಕೊಂಡು, 'ನಿನ್ನೆ ನಿಜವಾಗ್ಲೂ ಎಷ್ಟ್ ಮೀನ್ ಹಿಡ್ದೆ ಕೊಸ್ಮಾ' ಅಂತ ಕೇಳ್ತಿದ್ದ. ಸುಳ್ಳು ಹೇಳೋಕೆ ಒಂದಿನಾನೂ ಧೈರ್ಯ ಬರ್ಲಿಲ್ಲ. ಇವತ್ತು ಕತ್ತಿ ನನ್ನ ಕೈಗೆ ಬಂದಿದೆ, ಏನು ಕೇಳ್ಬೇಕು ಅಂತಾನೇ ಹೊಳೀತಿಲ್ಲ."

ಊರಿನ ಗಂಡಸರಿಗೆಲ್ಲ ಕ್ಷೌರ ಮಾಡಿದ ಪ್ರೊಕೋಪಿಸ್‌ಗೆ ಬೇರೆಯವರು ಕ್ಷೌರ ಮಾಡಿದ್ದು ಇದೇ ಮೊದಲು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಕುರ್ಚಿಯನ್ನು ಮೂಲೆಗೆ ತಳ್ಳಿ, ಉದ್ದನೆಯ ಮೇಜಿನ ಮೇಲೆ ಅವನನ್ನು ಮಲಗಿಸಿದ್ದರು. ಕಪ್ಪು ಸೂಟಿನಲ್ಲಿ, ಯಾರಿಗೋ ಕಾಯುತ್ತಿರುವ ಮದುಮಗನ ಹಾಗೆ ಮಲಗಿದ್ದ. ಕನ್ನಡಿಯ ಪಕ್ಕದ ಗೋಡೆಯಲ್ಲಿ ಗಾಜು ಹಾಕಿಸಿದ ಒಂದು ಕಾಗದ ತೂಗುತ್ತಿತ್ತು. ಅದರಲ್ಲಿ ಒಂದೇ ಪದ ದಪ್ಪಗೆ ಕಾಣುತ್ತಿತ್ತು: ದಿಸ್ಫೊನಿಯಾ.

ಮಿರ್ಸಿನಿ ಪ್ರೊಕೋಪಿಸ್‌ನ ಮೊಮ್ಮಗಳು. ಇಪ್ಪತ್ತನಾಲ್ಕು ವರ್ಷ, ಆ ಪುಟ್ಟ ದ್ವೀಪದ ಬಂದರಿನಲ್ಲಿ ದೋಣಿಯ ಟಿಕೆಟು ಕೊಡುವ ಕೆಲಸ. ಒಮ್ಮೆ ಬಂದರಿನ ಮೈಕಿನಲ್ಲಿ, "ಆಸ್ಟ್ರೇಲಿಯಾಕ್ಕೆ ಹೋಗುವವರು ಎಡಗಡೆ ಸಾಲಿನಲ್ಲಿ ನಿಲ್ಲಿ" ಅಂದಿದ್ದಳು. ಇಬ್ಬರು ನಿಂತೂ ಇದ್ದರು. ಅಂಥವಳ ಬಾಯಿ ತಾತ ಸತ್ತ ನಿನ್ನೆ ಬೆಳಗಿನಿಂದ ಕಟ್ಟಿಹೋಗಿತ್ತು. ಕೊಸ್ಮಾಸನ ಮಾತಿಗೆ ಈಗ ಸ್ವಲ್ಪ ಸಡಿಲವಾಯಿತು.

"ತಾತ ಎದ್ದು, 'ಕಿವಿ ಹಿಂದೆ ಬಿಟ್ಟಿದ್ದೀಯಲ್ಲೋ ಕತ್ತೆ' ಅನ್ನೋದೊಂದೇ ಬಾಕಿ."

ಬಾಗಿಲಲ್ಲಿ ಅವಳ ಅಪ್ಪ ಅರಿಸ್ತಿದಿಸ್ ಕಾಣಿಸಿಕೊಂಡ. ದೋಣಿಯಾಚೆಯ ಖೋರಾ ಪೇಟೆಯಲ್ಲಿ ಮೇಷ್ಟ್ರು. ರಾತ್ರಿಯಿಡೀ ಫೋನಿನಲ್ಲಿದ್ದವನ ಕಣ್ಣು.

"ಯೆರಾಸಿಮೊಸ್ ಒಪ್ಪಿದ್ರು. ಹತ್ತು ಗಂಟೆ ದೋಣಿಗೆ ಬರ್ತಾರೆ."

"ಯಾರು, ಖೋರಾದ ದೊಡ್ಡ ಇಗರ್ಜೀಲಿ ಹಾಡ್ತಾರಲ್ಲ, ಅವ್ರಾ?" ಮಿರ್ಸಿನಿ ಬಟ್ಟಲನ್ನು ಕೆಳಗಿಟ್ಟಳು. "ಇಲ್ಲಿ ಜನ ಇಲ್ವಾ ಹಾಡೋಕೆ?"

"ಯಾರಿದಾರೆ?"

"ನಾನಿದ್ದೀನಿ. ತಾತನ ಪಕ್ಕ ಹದಿನೇಳು ವರ್ಷ ನಿಂತು ಹಾಡಿದ್ದೀನಿ. 'ನನ್ನ ಸಾವಲ್ಲಿ ನಾನು ನಿಲ್ಲೋ ಕಡೆ ಹಾಡು ನಿಲ್ಲಿಸೇ' ಅಂತ ತಾತ ಹೇಳಿದಾರೆ. ಆಯ್ತು ಅಂತ ಮಾತು ಕೊಟ್ಟಿದ್ದೀನಿ."

ಅರಿಸ್ತಿದಿಸ್ ತಂದೆಯ ಮುಖ ನೋಡಲಿಲ್ಲ, ಗೋಡೆಯ ಕಾಗದ ನೋಡಿದ. "ಚಿಕ್ಕೋನಿದ್ದಾಗ ಸ್ಕೂಲಲ್ಲಿ ನನ್ನನ್ನ 'ಒಡಕು ಗಂಟೆ ಮಗ' ಅಂತ ಕರೀತಿದ್ರು ಕಣೇ. ಮೇಷ್ಟ್ರೂ ನಗ್ತಿದ್ರು. ಇವತ್ತು ಹೊರಗಿಂದೆಲ್ಲ ಜನ ಬರ್ತಾರೆ. ಇವತ್ತೊಂದಿನ ಅಪ್ಪನ್ನ ನೋಡಿ ಯಾರೂ ನಗಬಾರ್ದು. ಒಳ್ಳೆ ದನೀಲಿ ಕಳಿಸ್ತೀನಿ. ನೀನು ಹಾಡೋ ಪೀಠದ ಹತ್ರ ಬರೋದೂ ಬೇಡ."

ಕೊಸ್ಮಾಸ್ ಗಂಟಲಿನ ಗಂಟನ್ನು ಸುತ್ತಿ ಕತ್ತಿ ಎಳೆದ. ಒಂದು ಗೀರೂ ಬೀಳಲಿಲ್ಲ.

*

ಆ ಕಾಗದ ಬಂದದ್ದು ನಲವತ್ತೊಂದು ವರ್ಷದ ಹಿಂದೆ.

ಆಗ ಪ್ರೊಕೋಪಿಸ್ ಊರಿನ ಇಗರ್ಜಿಯಲ್ಲಿ ಹಾಡುವವನಾಗಿ ಎಂಟು ವರ್ಷವಾಗಿತ್ತು. ಒಂದು ಚಳಿಗಾಲ ಅವನ ದನಿ ಮುರಿಯಿತು. ಎಳೆದು ಹಾಡುವಾಗ ಸ್ವರದ ಮೂರನೆಯ ಮೆಟ್ಟಿಲು ಹತ್ತುತ್ತಿದ್ದಂತೆ ಯಾರೋ ಒಳಗಿನಿಂದ ಕುತ್ತಿಗೆ ಹಿಸುಕಿದ ಹಾಗೆ ದನಿ ಕಟ್ಟಾಗುತ್ತಿತ್ತು. ಆಮೇಲೆ ಒಂದು ಮೆಟ್ಟಿಲು ಕೆಳಗಿನಿಂದ ಗೊರಗೊರನೆ ಶುರುವಾಗುತ್ತಿತ್ತು. ಈಸ್ಟರಿಗೆ ಬಂದಿದ್ದ ಯಾರೋ ದೊಡ್ಡ ಮನುಷ್ಯರು ಧರ್ಮಾಧ್ಯಕ್ಷರ ಕಚೇರಿಗೆ ದೂರು ಬರೆದರು. ಕಚೇರಿಯವರು ವೈದ್ಯರ ಪತ್ರ ತಾ ಎಂದರು.

ಅಥೆನ್ಸಿನಲ್ಲಿ ಡಾಕ್ಟರು ಅವನ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದೆಳೆದು, ಉದ್ದ ಹಿಡಿಯ ಪುಟ್ಟ ಕನ್ನಡಿ ತೂರಿಸಿ ಹತ್ತು ನಿಮಿಷ ನೋಡಿದರು. ಹೆಂಡತಿ ರಾಲ್ಲೂ ಪಕ್ಕದಲ್ಲಿ ಕೈಚೀಲ ಅವುಚಿಕೊಂಡು ಕೂತಿದ್ದಳು.

"ಬಂದಾಗ ಏನ್ ತೊಂದ್ರೆ ಅಂದ್ರಿ?"

"ದನಿ ಕೆಟ್ಟಿದೆ ಡಾಕ್ಟ್ರೇ."

"ಹೂಂ. ನಿಮಗೆ ದಿಸ್ಫೊನಿಯಾ ಆಗಿದೆ."

ಪ್ರೊಕೋಪಿಸ್ ಹೆಂಡತಿಯ ಕಡೆ ತಿರುಗಿದ. "ಫೊನಿ ಅಂದ್ರೆ ದನಿ. ದಿಸ್ ಅಂದ್ರೆ ಕೆಟ್ಟದ್ದು. ನಾನು ಹೇಳಿದ್ದನ್ನೇ ವಾಪಸ್ ನಂಗೆ ಹೇಳ್ತಿದಾರೆ. ಇಷ್ಟಕ್ಕೆ ಎಂಟು ಗಂಟೆ ಹಡಗಲ್ಲಿ ವಾಂತಿ ಮಾಡ್ಕೊಂಡು ಬಂದ್ವಾ?"

ಡಾಕ್ಟರು ನಕ್ಕುಬಿಟ್ಟರು. "ಬೇರೆ ದೇಶದ ರೋಗಿಗಳು ಈ ಪದ ಕೇಳಿದ್ರೆ ಹೆದರಿ ಕೈ ಮುಗೀತಾರೆ ಮಾರಾಯ. ನಮ್ಮ ಹಳೇ ವೈದ್ಯರ ಮಾತನ್ನೇ ಇಡೀ ಪ್ರಪಂಚ ಎತ್ಕೊಂಡು ಹೋಗಿದೆ. ನನ್ನ ಗ್ರಹಚಾರಕ್ಕೆ ನನ್ನ ರೋಗಿಗಳಿಗೆ ಎಲ್ಲ ಅರ್ಥ ಆಗತ್ತೆ." ಪೆನ್ನು ತೆಗೆದವರು ಒಂದು ಕ್ಷಣ ತಡೆದರು. "ಆದ್ರೆ ಅರ್ಧ ತಪ್ಪು ಹೇಳಿದ್ರಿ. ದಿಸ್ ಅಂದ್ರೆ ಬರೀ ಕೆಟ್ಟದ್ದಲ್ಲ, ಕಷ್ಟದ್ದು ಅಂತಾನೂ ಹೌದು. ಹತ್ತೋಕೆ ಕಷ್ಟವಾದ ಗುಡ್ಡ ಇರತ್ತಲ್ಲ, ಹಾಗೆ. ದನಿಯೇ ಇಲ್ಲದಿದ್ರೆ ಅದಕ್ಕೆ ಅಫೊನಿಯಾ ಅಂತೀವಿ. ನಿಮ್ದು ಅದಲ್ಲ."

"ಅದು ಬಂದ ದಿನ ನಿಮ್ಮ ಪತ್ರ ಬೇಡ ಬಿಡಿ. ನಮ್ಮೂರ ಪಾದ್ರೀನೇ ಕೊಡ್ತಾರೆ."

ಪತ್ರ ಕಚೇರಿಗೆ ಹೋಯಿತು. ಈ ದನಿ ಪೀಠಕ್ಕೆ ತಕ್ಕದ್ದಲ್ಲ, ಬೇರೆಯವರನ್ನು ಕಳಿಸುತ್ತೇವೆ ಎಂಬ ಉತ್ತರದ ಜೊತೆ ತಿರುಗಿ ಬಂತು. ಮುಂದಿನ ಭಾನುವಾರ ಪಾದ್ರಿ ಲಾಂಬ್ರೊಸ್ ಪ್ರಾರ್ಥನೆ ಶುರು ಮಾಡಿದರೆ ಮರುದನಿ ಕೊಡುವವರೇ ಇಲ್ಲ. ಜನರ ನಡುವೆ ನಿಂತಿದ್ದ ಪ್ರೊಕೋಪಿಸ್ ಎರಡು ಸಲ ಕೆಮ್ಮಿದ. ಬೇರೆಯವರು ಬರುವ ತನಕ ಎಂದುಕೊಂಡು ನಿಂತಲ್ಲಿಂದಲೇ ಹಾಡಿದ. ಮೂರನೆಯ ಮೆಟ್ಟಿಲಿನಲ್ಲಿ ದನಿ ಕಟ್ಟಾಯಿತು. ಎಲ್ಲರೂ ತಲೆ ತಗ್ಗಿಸಿದರು. ಆಗ ಹೆಂಗಸರ ಕಡೆಯಿಂದ ಒಂದು ಸದ್ದು ಬಂತು. ರಾಲ್ಲೂ ತನ್ನ ಮದುವೆಯ ಉಂಗುರದಿಂದ ಮರದ ಆಸನದ ಕೈಗೆ ಕುಟ್ಟಿದ್ದಳು. ಟಕ್.

ಹೂಂ, ನಡಿ, ಎಂಬಂತೆ.

ಅವನು ನಡೆದ, ಒಂದು ಮೆಟ್ಟಿಲು ಕೆಳಗಿನಿಂದ. ಬೇರೆಯವರು ನಲವತ್ತೊಂದು ವರ್ಷ ಬರಲೇ ಇಲ್ಲ. ಇವತ್ತು ಬರುತ್ತಿದ್ದರು, ಹತ್ತು ಗಂಟೆಯ ದೋಣಿಯಲ್ಲಿ.

*

ಯೆರಾಸಿಮೊಸ್ ಮೇ ತಿಂಗಳಲ್ಲೂ ಕುತ್ತಿಗೆಗೆ ಶಾಲು ಸುತ್ತಿಕೊಂಡೇ ಇಳಿದರು. ಮನೆಗೆ ಬಂದು ರಾಲ್ಲೂ ಅಜ್ಜಿಯ ಎರಡೂ ಕೈ ಹಿಡಿದು, "ದೇವರು ನಿಮಗೆ ಆಯುಸ್ಸು ಕೊಡಲಿ ತಾಯಿ" ಎಂದರು. ಅಂಗಳದಲ್ಲಿ ಕಹಿ ಕಾಫಿ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು.

"ಈ ದನೀಲಿ ಮಗ್ಗಿ ಹೇಳಿದ್ರೂ ಅಳು ಬರತ್ತೆ," ಕೊಸ್ಮಾಸ್ ಪಿಸುಗುಟ್ಟಿದ.

"ನೀನು ಯಾರ ಪಾರ್ಟಿ?" ಮಿರ್ಸಿನಿ ಕೆಣಕಿದಳು.

"ನಾನು ನಿನ್ನ ಪಾರ್ಟೀನೇ. ಕಿವಿ ಮಾತ್ರ ಆ ಕಡೆ ಹೋಗ್ಬಿಡ್ತು."

ಅತಿಥಿ ಜೇನು ಬೆರೆಸಿದ ಬಿಸಿನೀರು ಕೇಳಿದರು. ಮಿರ್ಸಿನಿ ತಾನೇ ತರುತ್ತೇನೆಂದು ಅಡುಗೆಮನೆಗೆ ಹೋದಳು. ಜೇನು ಹಾಕಿದಳು. ಆಮೇಲೆ ಖಾರದ ಪುಡಿಯ ಡಬ್ಬಿಯನ್ನೂ ಇಳಿಸಿದಳು. ಇದು ಅವಳ ಕ್ಲೈಮ್ಯಾಕ್ಸ್ ಪ್ಲಾನು. ಒಂದೇ ಚಮಚ ಸಾಕು, ದೊಡ್ಡ ಇಗರ್ಜಿಯ ಕೋಗಿಲೆ ಸಂಜೆಯ ತನಕ ಕೆಮ್ಮುತ್ತದೆ, ಪೀಠ ಖಾಲಿ. ಆಗ ನೋಡಿ, ಎಂಟ್ರಿ ಯಾರದ್ದು ಅಂತ.

"ಇಡು ಅದನ್ನ."

ಹಿಂದೆ ಅಜ್ಜಿ ನಿಂತಿದ್ದಳು.

"ಅಜ್ಜೀ, ಅವ್ರು ನಿಲ್ಲಿಸ್ದೆ ಹಾಡ್ಬಿಡ್ತಾರೆ. ತಾತಂಗೆ ಮಾತು ಕೊಟ್ಟಿದ್ದೀನಿ."

"ಗಂಟಲು ಕಟ್ಟಿದ್ರೆ ಹೆಂಗಿರತ್ತೆ ಅಂತ ನಲವತ್ತೊಂದು ವರ್ಷ ಪಕ್ಕದಲ್ಲಿ ಮಲಗಿ ನೋಡಿದೀನಿ. ನಿದ್ದೇಲೂ ಗೊರಗೊರ ಅಂತ ಅಭ್ಯಾಸ ಮಾಡ್ತಿದ್ದ ನಿನ್ನ ತಾತ. ಈ ಮನೇಲಿ ಯಾರೂ ಇನ್ನೊಬ್ರ ಗಂಟಲಿಗೆ ಏನೂ ಮಾಡೋ ಹಾಗಿಲ್ಲ. ತಿಳೀತಾ?"

ಡಬ್ಬಿ ಮೇಲಕ್ಕೆ ಹೋಯಿತು. ಜೇನಿನ ನೀರು ಶುದ್ಧವಾಗಿಯೇ ಹೊರಗೆ ಹೋಯಿತು.

"ಮತ್ತೆ ನಾನೇನ್ ಮಾಡ್ಲಿ?"

"ಜನರ ಜೊತೆ ನಿಂತ್ಕೊ," ಎಂದಳು ಅಜ್ಜಿ. "ನಿಮ್ಮ ತಾತ ಶುರು ಮಾಡಿದ್ದೂ ಅಲ್ಲಿಂದಾನೇ."

*

ಮಿರ್ಸಿನಿಗೆ ಏಳು ವರ್ಷವಿದ್ದಾಗ ಬೇಸಿಗೆ ರಜೆಯಲ್ಲಿ ಇಗರ್ಜಿಯ ಹಿಂಗೋಡೆಯ ಮೇಲೆ ಒಂದು ಕಂಪನಿ ನಾಟಕ ನಡೆಯುತ್ತಿತ್ತು. ಹೀರೋ, ವಿಲನ್, ಡೈರೆಕ್ಟರ್ ಎಲ್ಲ ಅವಳೇ. ಮೈಮೇಲೆ ಕಪ್ಪು ಟವೆಲ್ಲು, ಕೆಳಗೆ ಹನ್ನೆರಡು ಮಕ್ಕಳು. ತಾತನ ಹಾಗೆ ಗದ್ದ ಎತ್ತಿ, ಎಳೆದು, ಮೂರನೆಯ ಮೆಟ್ಟಿಲಿನಲ್ಲಿ ಕುತ್ತಿಗೆ ಹಿಡಿದುಕೊಂಡು ಕಣ್ಣು ಬಿಡುವಳು. ಮಕ್ಕಳು ಬಿದ್ದು ಬಿದ್ದು ನಗುವರು. ಆಮೇಲೆ ಎಲ್ಲರೂ ಸೇರಿ ಗೊರಗೊರ.

ಒಂದು ದಿನ ನಗು ಬರಲಿಲ್ಲ. ತಿರುಗಿದರೆ ತಾತ.

"ತಪ್ಪು ಹಾಡ್ತಿದ್ದೀಯ," ಎಂದ ಪ್ರೊಕೋಪಿಸ್.

ಅವಳು ಗೋಡೆಯಿಂದ ಹಾರಲು ದಾರಿ ನೋಡಿದಳು.

"ನಿಂತ ಮೇಲೆ ಕೂಡ್ಲೇ ಶುರು ಮಾಡ್ತೀಯ. ಅಷ್ಟು ಅವಸರ ಯಾಕೆ, ದೋಣಿ ಹೊರಡತ್ತಾ? ನಿಲ್ಲೋದು ಅಂದ್ರೆ ಪೂರ್ತಿ ನಿಲ್ಬೇಕು. ಮುಂದೆ ದನಿ ಬರತ್ತೋ ಇಲ್ವೋ ಅಂತ ನಿಂಗೂ ಗೊತ್ತಿರ್ಬಾರ್ದು. ಟಕ್ ಅಂದ್ಮೇಲೆ, ಕೆಳಗಿನ ಮೆಟ್ಟಿಲಿಂದ, ಎಲ್ಲರೂ ಒಟ್ಟಿಗೆ. ನೀವು ಹನ್ನೆರಡು ಜನಾನೂ ಬನ್ನಿ ಒಳಗೆ."

ಆ ಹನ್ನೆರಡು ಮಕ್ಕಳು ಬೆಳೆದರು. ಮದುವೆಯಾದರು, ಸೊಸೆಯರು ಬಂದರು, ಅವರೂ ಹಾಗೇ ಹಾಡಿದರು. ಆ ನಿಲುಗಡೆ ಒಬ್ಬನ ಗಂಟಲಿನದೆಂಬುದು ಆ ಊರಿಗೆ ಮರೆತೇ ಹೋಗಿತ್ತು. ತಾಯಿಯನ್ನು ಕಳಿಸಿದಾಗಲೂ, ಗಂಡನನ್ನು ಕಳಿಸಿದಾಗಲೂ ಎಲ್ಲರೂ ಅಲ್ಲಿಯೇ ನಿಂತಿದ್ದರು. ಹಾಡು ಇರುವುದೇ ಹಾಗೆ ಎಂದುಕೊಂಡಿದ್ದರು.

*

ಇಗರ್ಜಿ ತುಂಬಿತ್ತು. ತೆರೆದ ಪೆಟ್ಟಿಗೆಯಲ್ಲಿ ನುಣ್ಣನೆಯ ಗದ್ದದ ಪ್ರೊಕೋಪಿಸ್, ಎಂಬತ್ತರ ಹೊಸ್ತಿಲು ದಾಟಿದ ಪಾದ್ರಿ ಲಾಂಬ್ರೊಸ್, ಧೂಪ. ಪೀಠದಲ್ಲಿ ಯೆರಾಸಿಮೊಸ್ ಶಾಲು ತೆಗೆದು ಹಾಡಿದರು. ಒಂದು ಮಾತಿಲ್ಲ, ಚೆನ್ನಾಗಿ ಹಾಡಿದರು. ಖೋರಾದಿಂದ ಬಂದವರು ಕಣ್ಣೊರೆಸಿಕೊಂಡರು. ಮೊದಲ ಸಾಲಿನಲ್ಲಿ ಅರಿಸ್ತಿದಿಸ್‌ನ ಭುಜ ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ ಇಳಿದಂತೆ ಕಂಡಿತು. ಮಿರ್ಸಿನಿ ಗಂಡಸರ ಸಾಲಿನ ಹಿಂದೆ ಕಂಬಕ್ಕೆ ಒರಗಿ ನಿಂತಿದ್ದಳು. ಸೋತೆ ತಾತಾ, ಎಂದು ಒಳಗೇ ಅಂದುಕೊಂಡಳು. ಸೆಕೆಂಡ್ ಹಾಫ್ ಪೂರ್ತಿ ಅವರದ್ದೇ.

ಕೊನೆಯದು ಉಳಿದಿತ್ತು. ಸತ್ತವರ ನೆನಪು ಅಳಿಯದಿರಲಿ ಎಂದು ಮೂರು ಸಲ ಎಳೆದು ಹಾಡುವ ಪದ. ಅದಕ್ಕೆ ಜನವೆಲ್ಲ ದನಿಗೂಡಿಸುವುದು ರೂಢಿ.

ಯೆರಾಸಿಮೊಸ್ ಎತ್ತಿಕೊಂಡರು. ಜನ ಸೇರಿಕೊಂಡರು. ಒಂದು ಮೆಟ್ಟಿಲು, ಎರಡು ಮೆಟ್ಟಿಲು, ಮೂರು.

ಇಗರ್ಜಿ ನಿಂತಿತು.

ನೂರೈವತ್ತು ಬಾಯಿ ಒಂದೇ ಏಟಿಗೆ ಸುಮ್ಮನಾದವು. ಯಾರೂ ಯಾರಿಗೂ ಸನ್ನೆ ಮಾಡಿರಲಿಲ್ಲ. ಆ ಬಂಗಾರದ ದನಿಯೊಂದೇ ಮುಂದಕ್ಕೆ ಹೋಗಿ, ಹಿಂದೆ ಯಾರೂ ಇಲ್ಲವೆಂದು ತಿಳಿದು, ಗುಮ್ಮಟದ ಕೆಳಗೆ ಗಾಬರಿಯಾಗಿ ತೇಲಿತು. ಅಷ್ಟರಲ್ಲಿ ಜನ ಕೆಳಗಿನ ಮೆಟ್ಟಿಲಿನಿಂದ ಮತ್ತೆ ಎದ್ದರು. ಅತಿಥಿ ಹೇಗೋ ಬಂದು ಸೇರಿಕೊಂಡರು.

ಖೋರಾದವರು ಮುಖ ಮುಖ ನೋಡಿಕೊಂಡರು. ಅರಿಸ್ತಿದಿಸ್‌ನ ಕಿವಿ ಕೆಂಪಾಯಿತು. ನಗುತ್ತಾರೆ, ಈಗ ಯಾರೋ ನಗುತ್ತಾರೆ ಎಂದು ಅವನು ಹಿಂದಕ್ಕೆ ತಿರುಗಿದ. ಯಾರೂ ನಗುತ್ತಿರಲಿಲ್ಲ. ಮೀನುಗಾರರು, ಅವರ ಹೆಂಡಿರು, ತಲೆವಸ್ತ್ರ ಬಿಗಿಹಿಡಿದ ಮುದುಕಿಯರು, ಎಲ್ಲರೂ ಗದ್ದ ಎತ್ತಿ ನಿಂತಿದ್ದರು, ಅವನ ಅಪ್ಪನ ಹಾಗೆ.

ಎರಡನೆಯ ಸಲ ಯೆರಾಸಿಮೊಸ್ ಎಚ್ಚರದಿಂದ ಹೋದರು. ಮೂರನೆಯ ಮೆಟ್ಟಿಲಿನಲ್ಲಿ ದನಿ ಚಿಕ್ಕದು ಮಾಡಿದರು. ಜನ ಅಲ್ಲಿಯೇ ನಿಂತರು, ಅಲ್ಲಿಂದಲೇ ಎದ್ದರು.

"ಅದೇನದು ಇಲ್ಲಿ?" ಪೀಠದಿಂದ ಬಗ್ಗಿ ಅವರು ಪಾದ್ರಿಯನ್ನು ಮೆಲ್ಲಗೆ ಕೇಳಿದ್ದು ಮಿರ್ಸಿನಿಗೂ ಕೇಳಿಸಿತು.

ಪಾದ್ರಿ ಲಾಂಬ್ರೊಸ್ ಧೂಪದ ಸರಪಳಿಯಿಂದ ಪೆಟ್ಟಿಗೆಯ ಕಡೆ ತೋರಿಸಿದರು. "ಅವನದ್ದು."

ಯೆರಾಸಿಮೊಸ್ ಮಲಗಿದ್ದವನ ಗಂಟಲನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪೀಠದಿಂದ ಇಳಿದು ಕಂಬದ ಹತ್ತಿರ ಬಂದರು.

"ಪುಟ್ಟೀ, ನೀನು ಗಟ್ಟಿಯಾಗಿ ಹಾಡ್ತಿದ್ದೀಯ. ನಂಗೆ ದಾರಿ ಗೊತ್ತಿಲ್ಲ, ನೀನು ಮುಂದೆ ಹೋಗು," ಎಂದರು.

ಮಿರ್ಸಿನಿ ಅಪ್ಪನನ್ನು ನೋಡಿದಳು. ಅವನು ಬೇಡ ಎನ್ನಲಿಲ್ಲ. ಅವಳು ಪೀಠಕ್ಕೆ ಹೋಗಲಿಲ್ಲ, ಪೆಟ್ಟಿಗೆಯ ತಲೆಯ ಕಡೆ ಹೋಗಿ ನಿಂತು ಗದ್ದ ಎತ್ತಿದಳು.

ಮೂರನೆಯ ಸಲ. ಒಂದು ಮೆಟ್ಟಿಲು. ಎರಡು. ಪಕ್ಕದಲ್ಲಿ ಬಂಗಾರದ ದನಿ ತಗ್ಗಿಕೊಂಡು ನಡೆಯುತ್ತಿತ್ತು. ಮೂರು.

ನಿಂತರು. ಈ ಸಲ ಅತಿಥಿಯೂ ನಿಂತರು, ಬಾಯಿ ತೆರೆದುಕೊಂಡೇ. ಖೋರಾದವರೂ ಉಸಿರು ಹಿಡಿದರು. ಮೊದಲ ಸಾಲಿನಲ್ಲಿ ಇನ್ನೊಂದು ಬಾಯಿ ತೆರೆದು ನಿಂತಿತ್ತು, ಅರಿಸ್ತಿದಿಸ್‌ನದು. ಅವನು ಯಾವಾಗ ಹಾಡಲು ಶುರು ಮಾಡಿದನೋ ಅವನಿಗೇ ಗೊತ್ತಿರಲಿಲ್ಲ. ಆದರೆ ನಿಲ್ಲುವ ಜಾಗದಲ್ಲಿ ಕೂದಲೆಳೆಯಷ್ಟೂ ತಪ್ಪದೆ ನಿಂತಿದ್ದ.

ಮಿರ್ಸಿನಿ ಪೂರ್ತಿ ನಿಂತಳು. ಮುಂದೆ ದನಿ ಬರುತ್ತದೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿರಬಾರದೆಂದೇ ತಾತ ಹೇಳಿದ್ದ. ಮೌನ ಉದ್ದವಾಯಿತು. ಇಡೀ ಊರು ಕಾಯಿತು.

ಹೆಂಗಸರ ಕಡೆ ರಾಲ್ಲೂ ತನ್ನ ಬೆರಳನ್ನು ಮೆಲ್ಲಗೆ ಮೇಲೆತ್ತಿದಳು. ನಲವತ್ತೊಂದು ವರ್ಷದಲ್ಲಿ ಉಂಗುರದ ಏಟಿಗೆ ಮರದ ಕೈಯಲ್ಲಿ ಸಣ್ಣ ಗುಳಿ ಬಿದ್ದಿತ್ತು. ಬೆರಳು ಅಲ್ಲಿಗೇ ಇಳಿಯಿತು.

ಟಕ್.