ಹಿಂದಿನ ಸಾಲಿನ ಮಹನೀಯರು

ಮಧುಸೂದನ್ ಅವರಷ್ಟು ವಿನಯವಂತರು ಇಡೀ ಕುವೈತಿನಲ್ಲಿ ಇನ್ನೊಬ್ಬರಿಲ್ಲ. ಈ ಮಾತನ್ನು ಮೊದಲು ಹೇಳಿದವರು ಅವರೇ.

ಹುಟ್ಟಿನಿಂದ ಬಂದ ವಿನಯವೇನೂ ಅಲ್ಲ ಅದು. ಬ್ಯಾಂಕಿನಲ್ಲಿ ಅವರ ಕೈಕೆಳಗಿರುವ ಮಂಗಳೂರಿನ ಶರ್ಲಿನ್, ಇಗರ್ಜಿಯಲ್ಲಿ ಕೇಳಿದ್ದನ್ನು ಒಮ್ಮೆ ಚಹಾ ಕುಡಿಯುತ್ತ ಹೇಳಿದ್ದಳು. ಅರಸನ ಸಭೆಯಲ್ಲಿ ತಾನಾಗಿ ಮುಂದೆ ಹೋಗಿ ಕೂರದೆ, ಕರೆಯುವ ತನಕ ಹಿಂದೆಯೇ ಇರಬೇಕೆಂದು ಹಳೆಯ ಹೀಬ್ರೂ ಜ್ಞಾನಿಗಳು ಕಲಿಸುತ್ತಿದ್ದರಂತೆ. ಪಾಪ, ಅವರು ಹೇಳಿದ್ದು ಗರ್ವ ಇಳಿಯಲೆಂದು. ಮಧುಸೂದನ್ ಅವರಿಗೆ ಅದು ಮೇಲೇರುವ ಉಪಾಯವಾಗಿ ಕೇಳಿಸಿತು.

ಅಷ್ಟರಲ್ಲಿ ಕನ್ನಡ ಸಂಘದ ವಾರ್ಷಿಕೋತ್ಸವ ಬಂತು. ಹಿರಿಯರೊಬ್ಬರಿಗೆ ಸನ್ಮಾನವಿತ್ತು, ಆ ಶಾಲಿನ ಮೇಲೆ ಮಧುಸೂದನ್ ಅವರಿಗೆ ಬಹಳ ವರ್ಷಗಳಿಂದ ಕಣ್ಣು. ಸಂಘದ ಹೊಸ ಕಾರ್ಯದರ್ಶಿ ಚಿನ್ಮಯಿ ಫೋನ್ ಮಾಡಿದಾಗ, "ಅಯ್ಯೋ, ನಂಗ್ಯಾಕಮ್ಮ ಸನ್ಮಾನ? ಬೇರೆ ಯಾರಿಗಾದ್ರೂ ಮಾಡಿ" ಎಂದರು. ಇನ್ನೊಂದೆರಡು ಸಲ ಬಲವಂತ ಮಾಡಿ ಎಂಬುದೇ ಇದರ ಅರ್ಥ. ಎಲೆಯ ಮುಂದೆ ಕೂತವರು ಸಾಕೆಂದರೆ ಬಡಿಸುವುದನ್ನು ನಿಲ್ಲಿಸುತ್ತೇವೆಯೇ? ಆದರೆ ಚಿನ್ಮಯಿ ಹುಟ್ಟಿ ಬೆಳೆದದ್ದು ಕುವೈತಿನಲ್ಲಿ.

"ಓಕೆ ಅಂಕಲ್, ಐ ಟೋಟಲಿ ರೆಸ್ಪೆಕ್ಟ್ ದಟ್" ಎಂದು ಫೋನ್ ಇಟ್ಟಳು.

ಬಲವಂತ ನೇರವಾಗಿ ವೇದಿಕೆಯಿಂದಲೇ ಬರುತ್ತದೆ ಎಂದುಕೊಂಡ ಮಧುಸೂದನ್ ರೇಷ್ಮೆ ಜುಬ್ಬಾ ಇಸ್ತ್ರಿ ಮಾಡಿಸಿದರು.

ಖೈತಾನ್‌ನ ಶಾಲೆಯೊಂದರ ಸಭಾಂಗಣದಲ್ಲಿ ಕಾರ್ಯಕ್ರಮ. ಮಧುಸೂದನ್ ಕಟ್ಟಕಡೆಯ ಸಾಲಿನಲ್ಲಿ, ಊಟದ ಪಾತ್ರೆಗಳ ಪಕ್ಕ ಕೂತರು. ಎಲ್ಲರಿಗೂ ಕಾಣುವಂತೆ ಮೂಲೆಯಲ್ಲಿ ಕೂರುವುದು ಸುಲಭವಲ್ಲ, ಕುರ್ಚಿ ಬದಲಿಸಬೇಕಾಯಿತು. ಮುಂದೆ ಬನ್ನಿ ಎಂದವರಿಗೆಲ್ಲ ಕೈಮುಗಿದು ಅಲ್ಲೇ ಉಳಿದರು.

ಚಿನ್ಮಯಿ ಮೈಕ್ ಹಿಡಿದಳು. "ಮಧುಸೂದನ್ ಅಂಕಲ್ ಸನ್ಮಾನ ಬೇಡ ಅಂದ್ರು. ಸೋ ಹಂಬಲ್! ಅವ್ರಿಗೊಂದು ಜೋರು ಚಪ್ಪಾಳೆ!"

ಸಭೆ ಹಿಂದಕ್ಕೆ ತಿರುಗಿ ಚಪ್ಪಾಳೆ ತಟ್ಟಿತು. ಹೆಸರು ಕೇಳಿ ಅರ್ಧ ಎದ್ದಿದ್ದ ಮಧುಸೂದನ್ ಹಾಗೇ ಕೂತರು. ಶಾಲು ಸಂಘದ ಇನ್ನೊಬ್ಬ ಹಿರಿಯರಾದ ಮುನಿಸ್ವಾಮಿಯವರ ಹೆಗಲೇರಿತು. ಅವರು ಮಾಡಿದ್ದಿಷ್ಟೇ: ಚಿನ್ಮಯಿ ಕೇಳಿದ ಕೂಡಲೇ, "ಹೂಂ ಕಣಮ್ಮ, ಖುಷಿ ಆಯ್ತು" ಎಂದಿದ್ದರು.

ಮಧುಸೂದನ್ ಅವರಿಗೆ ಹೊಟ್ಟೆ ಉರಿಯಿತು. ಆಮೇಲೆ ನಿಜವಾಗಿಯೂ ಅಳು ಬಂತು.

ಊಟದ ಹೊತ್ತಿಗೆ ಚಿನ್ಮಯಿ ಹತ್ತಿರ ಬಂದಳು. "ಅಂಕಲ್, ಯು ಲುಕ್ ಅಪ್‌ಸೆಟ್. ನಿಮ್ಗೆ ಬೇಕಿತ್ತಾ? ನೆಕ್ಸ್ಟ್ ಇಯರ್ ಮಾಡೋಣ. ಜಸ್ಟ್ ಸೇ ಯೆಸ್."

ಒಂದೇ ಒಂದು ಹೂಂ ಸಾಕಿತ್ತು. ಆದರೆ ಮುನಿಸ್ವಾಮಿ ಶಾಲು ಹೊದ್ದುಕೊಂಡು ಅಲ್ಲೇ ಪಾಯಸ ಕುಡಿಯುತ್ತಿದ್ದರು.

"ಛೆ ಛೆ! ನಂಗ್ಯಾಕಮ್ಮ ಅವೆಲ್ಲ?" ಎಂದರು ಮಧುಸೂದನ್.

ಅವಳು ಅದನ್ನೂ ನಂಬಿದಳು.